ಒಂದು, ಅಡ್ಡಗೆರೆ, ಮೂರು

ಜನವರಿ 6

ನಿವೃತ್ತಿ ವಯಸ್ಸಿನ ಸಮಿತಿಯ ವರದಿ ಇಂದು ಅಚ್ಚಿಗೆ ಬಂತು. ಇನ್ನೂರ ಹನ್ನೆರಡು ಪುಟ. ಮೇಲೆ ‘ತುರ್ತು’ ಎಂಬ ಕೆಂಪು ಮೊಹರು. ಸರ್ಕಾರಿ ಮುದ್ರಣಾಲಯಕ್ಕೆ ಬರುವುದೆಲ್ಲವೂ ತುರ್ತೇ. ಆದರೆ ಇದನ್ನು ನೋಡಲು ಯಂತ್ರದವರು, ಬೈಂಡಿಂಗಿನವರು, ಕೊನೆಗೆ ಕಾವಲಿನವನೂ ಒಂದೊಂದು ನೆಪ ಹಿಡಿದು ನಮ್ಮ ಕೋಣೆಗೆ ಇಣುಕಿ ಹೋದರು. ಅರವತ್ತಕ್ಕೆ ಇದ್ದ ನಿವೃತ್ತಿ ಅರವತ್ತಮೂರಕ್ಕೆ ಹೋಗುತ್ತದೆ. ನನಗೆ ಜುಲೈ ಹನ್ನೆರಡಕ್ಕೆ ಅರವತ್ತು ತುಂಬುತ್ತದೆ.

ಅಕ್ಕ ಮೂಲಪ್ರತಿ ಹಿಡಿದು ಗಟ್ಟಿಯಾಗಿ ಓದಿದರು, ನಾನು ಪ್ರೂಫಿನ ಮೇಲೆ ಕಣ್ಣಿಟ್ಟು ತಿದ್ದಿದೆ. ಇಪ್ಪತ್ತಾರು ವರ್ಷದಿಂದ ಇದೇ ಕ್ರಮ. ಅಕ್ಕ ನನಗಿಂತ ಮೂರು ವರ್ಷ ಚಿಕ್ಕವರು, ಆದರೂ ಇಡೀ ಮುದ್ರಣಾಲಯಕ್ಕೆ ಅಕ್ಕ. ಕೆಂಪು ಶಾಯಿಯ ಕಾರಣಕ್ಕೆ ನಾನು ಮೇಷ್ಟ್ರು. ಅಲ್ಪವಿರಾಮ, ಪೂರ್ಣವಿರಾಮ, ಅಡ್ಡಗೆರೆ, ಯಾವುದನ್ನೂ ಬಿಡದೆ ಒಂದೇ ದನಿಯಲ್ಲಿ ಓದುವುದು ಅವರ ಕೆಲಸ. ಅರ್ಥದ ಗೊಡವೆಗೆ ಹೋಗದೆ ಅಕ್ಷರ ನೋಡುವುದು ನನ್ನದು.

ಆದರೂ ಅರ್ಥ ಕಿವಿಗೆ ಬೀಳುತ್ತದೆ. ಹಿಂದೆ ಒಬ್ಬ ನಿವೃತ್ತನ ಬೆನ್ನಿಗೆ ಐವರು ದುಡಿಯುತ್ತಿದ್ದರು, ಈಗ ಎರಡೂವರೆ. ಜನ ಹಿಂದಿಗಿಂತ ಹನ್ನೊಂದು ವರ್ಷ ಹೆಚ್ಚು ಬದುಕುತ್ತಿದ್ದಾರೆ. ಹೀಗೇ ಬಿಟ್ಟರೆ ಹದಿನೆಂಟು ವರ್ಷದಲ್ಲಿ ಪಿಂಚಣಿ ನಿಧಿ ಬರಿದಾಗುತ್ತದೆ. ತಕರಾರು ತೆಗೆಯಲು ಇದರಲ್ಲಿ ಏನೂ ಇಲ್ಲ. ಒಂದು ಕಡೆ ಮಾತ್ರ ಸಮಿತಿ ಸಡಿಲವಾಗಿದೆ ಅನ್ನಿಸಿತು. ಏಳನೆಯ ಕಲಮಿನ ಪ್ರಕಾರ, ಕೆಲಸಕ್ಕೆ ಅಯೋಗ್ಯ ಎಂದು ವೈದ್ಯರು ಬರೆದುಕೊಟ್ಟವರು ಪೂರ್ಣ ಪಿಂಚಣಿಯೊಂದಿಗೆ ಮೊದಲೇ ಹೋಗಬಹುದು. ಸೋಮಾರಿಗಳಿಗೆ ತೆರೆದಿಟ್ಟ ಹಿತ್ತಿಲ ಬಾಗಿಲು.

ಅಕ್ಕನ ಕೆಮ್ಮು ಹೆಚ್ಚಾಗಿದೆ. ಪುಟಕ್ಕೆ ಮೂರೋ ನಾಲ್ಕೋ ಸಲ. ಪ್ರತಿ ಸಲ ನಿಲ್ಲಿಸಿ, ‘ಕ್ಷಮಿಸಿ’ ಎಂದು ಆ ಸಾಲನ್ನು ಮತ್ತೆ ಮೊದಲಿಂದ ಓದುತ್ತಾರೆ. ನಾನೂ ಮತ್ತೆ ನೋಡುತ್ತೇನೆ. ನಿಧಾನವಾಗುತ್ತದೆ.

ಜನವರಿ 14

ಐವತ್ತೆಂಟು ದಾಟಿದವರಿಗೆಲ್ಲ ದೇಹ ತಪಾಸಣೆ. ಮಸೂದೆ ಇನ್ನೂ ಸದನಕ್ಕೆ ಹೋಗಿಲ್ಲ, ಯೋಗ್ಯರ ಪಟ್ಟಿ ಮಾತ್ರ ಈಗಲೇ ಬೇಕಂತೆ. ಉಗ್ರಾಣದ ಪಕ್ಕದ ಕೋಣೆಯಲ್ಲಿ ವೈದ್ಯರು ಕೂತಿದ್ದರು. ಬಾಗಿಲಿಗೆ ಒಂದು ಪರದೆ. ನನ್ನ ಮುಂದೆ ಬೈಂಡರ್ ಇದ್ದ. ಗೋಡೆಯ ಮೇಲಿನ ಅಕ್ಷರಗಳನ್ನು ಜಗಳಕ್ಕೆ ನಿಂತವನಂತೆ ಮೇಲಿಂದ ಕೆಳಗಿನವರೆಗೂ ಓದಿದ.

‘ಕಣ್ಣು ಚೆನ್ನಾಗಿದೆ,’ ಅಂದರು ವೈದ್ಯರು.

‘ಅದು ನನಗೂ ಗೊತ್ತು ಡಾಕ್ಟ್ರೇ. ಬೆರಳು ನೋಡಿ. ಬೆಳಿಗ್ಗೆ ಎದ್ರೆ ಮುಷ್ಟಿ ಬಿಚ್ಚೋಕೆ ಬಿಸಿನೀರು ಬೇಕು.’

‘ಈ ಫಾರಂನಲ್ಲಿ ಬೆರಳಿಗೆ ಜಾಗ ಇಲ್ವಲ್ಲಪ್ಪ.’

‘ಹಾಗಾದ್ರೆ ಕಣ್ಣಿನ ಜಾಗದಲ್ಲೇ ಬರ್ಕೊಳ್ಳಿ. ನಾನೇನೂ ಬೇಜಾರು ಮಾಡ್ಕೊಳ್ಳಲ್ಲ.’

ಅವನನ್ನು ಯೋಗ್ಯ ಎಂದು ಬರೆದು ಕಳಿಸಿದರು. ಆಮೇಲೆ ನಾನು. ಏಳು ಸಾಲನ್ನೂ ಎಲ್ಲೂ ತಡವರಿಸದೆ ಹೇಳಿದೆ. ಕೆಳಗಿನ ಸಾಲುಗಳು ಬೂದುಬೂದಾಗಿದ್ದವು. ಪರದೆಯ ಸಂದಿಯಿಂದ ಬೆಳಕು ಅಡ್ಡ ಬೀಳುತ್ತಿತ್ತೇನೋ. ಆದರೆ ಬೈಂಡರ್ ಓದಿದ್ದು ಕಿವಿಯಲ್ಲೇ ಇತ್ತು. ಯಾರಾದರೂ ಗಟ್ಟಿಯಾಗಿ ಓದಿದ್ದನ್ನು ನಾನು ಮರೆಯುವುದಿಲ್ಲ. ಈ ಕೆಲಸ ಕಲಿಸಿದ ಅಭ್ಯಾಸ ಅದು. ಒಂದೂ ತಪ್ಪಿಲ್ಲ ಅಂದರು. ಯೋಗ್ಯ.

ಜನವರಿ 27

ಸದನದ ಚರ್ಚೆಯ ವರದಿ ಬಂತು. ಮಂತ್ರಿಗಳ ಮಾತನ್ನು ಅಕ್ಕ ಓದಿದರು: ‘ಅರವತ್ತು ಈಗ ಮುಪ್ಪಲ್ಲ, ಅಲ್ಪವಿರಾಮ, ಎರಡನೆಯ ಯೌವನ, ಪೂರ್ಣವಿರಾಮ. ಆವರಣ ತೆರೆ, ನಗು, ಆವರಣ ಮುಚ್ಚು.’ ವಿರೋಧ ಪಕ್ಷದ ಸದಸ್ಯೆಯೊಬ್ಬರು ಕೇಳಿದ್ದರು: ಮೂಟೆ ಹೊರುವವನಿಗೂ ಕಡತ ಹೊರುವವನಿಗೂ ಒಂದೇ ವಯಸ್ಸೇ? ‘ಆವರಣ ತೆರೆ, ಗದ್ದಲ, ಆವರಣ ಮುಚ್ಚು.’ ಆರು ವರ್ಷದ ಹಿಂದೆ ಇದೇ ಸದಸ್ಯೆಯ ಪಕ್ಷ ಇದೇ ಮಸೂದೆ ತಂದು ಹಿಂದಕ್ಕೆ ತೆಗೆದುಕೊಂಡಿತ್ತು. ಆಗ ಗದ್ದಲ ಮಾಡಿದವರು ಈಗಿನ ಮಂತ್ರಿಗಳು. ಎರಡರ ಪ್ರೂಫನ್ನೂ ನೋಡಿದವರು ನಾವಿಬ್ಬರೇ ಇರಬೇಕು.

ಊಟದ ಹೊತ್ತಿಗೆ ಹೆಂಡತಿಗೆ ವರದಿಯ ಲೆಕ್ಕ ಹೇಳಿದೆ. ಅವಳು ಪಾತ್ರೆ ಮುಚ್ಚುತ್ತ ಕೇಳಿದಳು:

‘ಜಾಸ್ತಿ ಬದುಕ್ತೀವಿ ಅಂದ್ರಲ್ಲ, ಆ ಹನ್ನೊಂದು ವರ್ಷ ಎಲ್ಲಿ ಸೇರ್ಕೊಳ್ಳುತ್ತೆ? ಮಧ್ಯದಲ್ಲಾ, ಕೊನೇಲಾ?’

‘ಕೊನೇಲಿ.’

‘ಅಂದ್ರೆ ಮುದುಕರಾಗಿರೋ ಕಾಲ ಜಾಸ್ತಿಯಾಯ್ತು, ಅಷ್ಟೇ.’

‘ಅದು ಸರಾಸರಿ.’

‘ಸರಾಸರಿಗೆ ಮಂಡಿ ನೋಯಲ್ಲ ಬಿಡಿ,’ ಎಂದು ಗೋಡೆ ಹಿಡಿದು ಎದ್ದಳು.

ಫೆಬ್ರುವರಿ 3

ಕಾಗದದ ಗುಣ ಇಳಿದಿದೆ. ಶಾಯಿಗೂ ನೀರು ಬೆರೆಸುತ್ತಾರೇನೋ, ಅಕ್ಷರಗಳ ಅಂಚು ಹರಡಿಕೊಳ್ಳುತ್ತದೆ. ಯಂತ್ರದವನಿಗೆ ಹೇಳಿದರೆ, ಅದೇ ಶಾಯಿ, ಅದೇ ಡಬ್ಬಿ ಅಂದ. ಮನೆಯಲ್ಲೂ ದೀಪ ಮಂಕಾಗಿದೆ. ಬಲ್ಬು ಬದಲಾಯಿಸು ಎಂದೆ. ‘ಬಲ್ಬು ಹೋದ ವಾರದ್ದು. ಹಳೇದು ಬೇರೆ ಏನೋ ಇರ್ಬೇಕು,’ ಅಂದಳು ಹೆಂಡತಿ. ಒಲೆಯ ಗುಂಡಿಯ ಮೇಲೆ ಅವಳೇ ಬಿಳಿ ಬಣ್ಣದ ಚುಕ್ಕೆ ಇಟ್ಟಿದ್ದಾಳೆ. ಯಾಕೆ ಎಂದು ನಾನು ಕೇಳಲಿಲ್ಲ.

ಅಕ್ಕ ಇವತ್ತು ಒಂದೇ ಪುಟದಲ್ಲಿ ಆರು ಸಲ ಕೆಮ್ಮಿದರು. ಈ ಗಂಟಲು ಇಟ್ಟುಕೊಂಡು ಇನ್ನು ಆರು ವರ್ಷ ಓದುವುದು ಹೇಗೆ? ಅವರ ಒಳ್ಳೆಯದಕ್ಕೇ ಹೇಳಿದೆ.

‘ಗಂಟಲಿನ ಡಾಕ್ಟರಿಗೆ ತೋರಿಸಿ ಅಕ್ಕ. ಏಳನೇ ಕಲಂ ನಿಮ್ಮಂಥೋರಿಗೇ ಇರೋದು.’

‘ನನಗೇನಾಗಿದೆ ಮೇಷ್ಟ್ರೇ?’

‘ಮೂರು ವರ್ಷದಿಂದ ಕೆಮ್ತಾ ಇದ್ದೀರಿ.’

ಅವರು ಮೂಲಪ್ರತಿಯ ಮೂಲೆ ಮಡಚಿ, ಬಿಚ್ಚಿ, ಮತ್ತೆ ಮಡಚಿದರು. ‘ಅದು ಹಾಗೇ ಇರ್ಲಿ ಬಿಡಿ. ಕೆಲಸ ನಡೀತಿದೆಯಲ್ಲ.’

ನಾನು ಬಿಡಲಿಲ್ಲ. ನಾನೇ ಮೇಲ್ವಿಚಾರಕರಿಗೆ ಹೇಳಿ ಹನ್ನೊಂದನೆಯ ತಾರೀಖಿಗೆ ಅವರಿಗೆ ರಜೆ ಬರೆಸಿದೆ.

ಫೆಬ್ರುವರಿ 11

ಮಸೂದೆ ನಿನ್ನೆ ಅಂಗೀಕಾರವಾಗಿದೆ. ಕಾಯ್ದೆಯ ಪಠ್ಯ ಗೆಜೆಟ್ಟಿಗೆ ಇಂದೇ ಹೋಗಬೇಕು. ಅಕ್ಕ ಡಾಕ್ಟರ ಬಳಿಗೆ ಹೋಗಿದ್ದರು. ರವಾನೆ ವಿಭಾಗದ ಗುಮಾಸ್ತ ಅವರ ಜಾಗದಲ್ಲಿ ಕೂತ. ಬಸ್ಸು ಹಿಡಿಯುವವನ ಹಾಗೆ ಓದುತ್ತಾನೆ. ಚಿಹ್ನೆಗಳನ್ನೂ ಓದಬೇಕು ಎಂದು ಎರಡು ಸಲ ಹೇಳಬೇಕಾಯಿತು.

ಅನುಸೂಚಿಯಲ್ಲಿ ಮುಖ್ಯವಾದದ್ದು ಒಂದೇ ಸಾಲು. ಈ ವರ್ಷ 1-3ಕ್ಕೆ, ಅಂದರೆ ಮಾರ್ಚ್ ಒಂದಕ್ಕೆ ಮೊದಲು ಅರವತ್ತು ತುಂಬುವವರು ಹಳೆಯ ನಿಯಮದಂತೆ ಹೋಗುತ್ತಾರೆ. ಉಳಿದವರಿಗೆಲ್ಲ ಅರವತ್ತಮೂರು. ‘ಒಂದು, ಅಡ್ಡಗೆರೆ, ಮೂರು,’ ಅಂದ ಗುಮಾಸ್ತ. ಪಕ್ಕದಲ್ಲಿ ಗುರುತು ಹಾಕಿದೆ.

ಇಡೀ ದಿನ ಒಂದೂ ಕೆಮ್ಮಿಲ್ಲ. ಇಡೀ ಪಠ್ಯದಲ್ಲಿ ಒಂದೂ ತಪ್ಪು ಸಿಗಲಿಲ್ಲ. ಕಂಪೋಸಿಂಗಿನವರು ಇಷ್ಟು ಶುದ್ಧವಾಗಿ ಕೆಲಸ ಮಾಡಿದ್ದು ನನ್ನ ನೆನಪಿನಲ್ಲೇ ಇಲ್ಲ. ನಾಲ್ಕಕ್ಕೇ ಸಹಿ ಹಾಕಿ ಕೊಟ್ಟೆ. ನನ್ನ ಸಹಿ ಬಿದ್ದ ಮೇಲೆ ಅದನ್ನು ಇನ್ಯಾರೂ ಓದುವುದಿಲ್ಲ.

ಫೆಬ್ರುವರಿ 12

ಅಕ್ಕನ ಗಂಟಲಿಗೆ ಏನೂ ಆಗಿಲ್ಲವಂತೆ. ‘ಹಾಡು ಹೇಳ್ಬಹುದು ಅಂದ್ರು ಡಾಕ್ಟ್ರು,’ ಎಂದರು. ಕೂತ ಕೂಡಲೇ ಕೇಳಿದ್ದು, ನಿನ್ನೆ ಅನುಸೂಚಿ ಯಾರು ಓದಿದರು ಎಂದು. ಹೇಳಿದೆ. ಅವರು ಗೆಜೆಟ್ ಯಂತ್ರಕ್ಕೆ ಹೋಯಿತಾ ಎಂದು ಕೇಳಿದರು. ಹೋಯಿತು ಎಂದೆ. 

ಫೆಬ್ರುವರಿ 15

ಗೆಜೆಟ್ ಹೊರಬಿದ್ದಿದೆ. ಬೈಂಡರ್ ಒಂದು ಪ್ರತಿ ಹಿಡಿದು ನಮ್ಮ ಕೋಣೆಗೆ ನುಗ್ಗಿದ. ಹದಿನೆಂಟು ವರ್ಷ ಗೋಡೆಯಾಚೆ ಕೂತು ಹೊಲಿದವನು. ಒಂದು ದಿನವೂ ಈ ಬಾಗಿಲು ತಟ್ಟದೆ ಬಂದವನಲ್ಲ. ಕೈಯಲ್ಲಿ ಸಿಹಿಯ ಪೊಟ್ಟಣ.

‘ಬಾಯಿ ತೆಗೀರಿ ಮೇಷ್ಟ್ರೇ. ನನಗೆ ಜೂನ್‌ಗೆ ಅರವತ್ತು. ನಾನು ಬಚಾವ್!’

‘ಮಾರ್ಚ್ ಒಂದಕ್ಕೆ ಮೊದ್ಲು ತುಂಬ್ಬೇಕು. ಜೂನ್ ಬರಲ್ಲ,’ ಎಂದೆ.

‘ಮಾರ್ಚ್ ಎಲ್ಲಿಂದ ಬಂತು? ಆಗಸ್ಟ್ ಒಂದು. ನೀವೇ ನೋಡಿ ಪಾಸು ಮಾಡಿದ್ದು.’

ಪುಟ ತೆಗೆದುಕೊಂಡು ನೋಡಿದೆ. ‘ಮೂರು ಅಂತ ಇದೆಯಲ್ಲಯ್ಯ.’

ಅವನು ನಕ್ಕ. ‘ಕನ್ನಡಕ ಒರೆಸ್ಕೊಳ್ಳಿ ಮೇಷ್ಟ್ರೇ, ಎಂಟು ಅದು. ನೀವೂ ಬಚಾವಾದ್ರಿ, ನಿಮ್ಮದು ಜುಲೈ ತಾನೇ?’

 ಅಕ್ಕ ಕೆಮ್ಮಲಿಲ್ಲ. ಬೈಂಡರ್ ಹೋದ ಮೇಲೆ ಕಪಾಟಿನಿಂದ ಭೂತಗನ್ನಡಿ ತೆಗೆದು ನೋಡಿದೆ. ಮೂರಿನ ತೆರೆದ ಎರಡು ಬಾಯಿಗಳೂ ಮುಚ್ಚಿದ್ದವು. ಎಂಟು.

ಸಂಜೆ ಬೈಂಡರ್ ತನ್ನ ದಬ್ಬಳವನ್ನು ಪಕ್ಕದ ಮೇಜಿನ ಹೆಂಗಸಿಗೆ ಕೊಟ್ಟನಂತೆ, ಜೂನ್‌ವರೆಗೆ ಬೇರೆ ಯಾವುದಾದರೂ ಸಾಕು ಎಂದು. ಅವನ ತಂದೆಯ ಕಾಲದ ದಬ್ಬಳ. ಹಿಡಿಯಲ್ಲಿ ಹೆಬ್ಬೆರಳಿನ ಗುಳಿ ಬಿದ್ದಿದೆ.

ತಪ್ಪು ಕಂಡ ಕೂಡಲೇ ಮೇಲ್ವಿಚಾರಕರಿಗೆ ತಿಳಿಸಬೇಕು ಎಂಬುದು ನಿಯಮ. ಅವರು ಮನೆಗೆ ಹೋಗಿದ್ದರು. ನಾಳೆ.

ಫೆಬ್ರುವರಿ 16

ಇವತ್ತೂ ಹೇಳಲಿಲ್ಲ. ಬೈಂಡರ್ ಸೀಟಿ ಹೊಡೆಯುತ್ತ ಹೊಲಿಯುತ್ತಿದ್ದ.

ಫೆಬ್ರುವರಿ 17

ಇಲ್ಲ.

ಫೆಬ್ರುವರಿ 18

ಹಣಕಾಸು ಇಲಾಖೆಯವರೇ ಕಂಡುಹಿಡಿದರು. ಒಂದು ಅಂಕಿಯಿಂದ ನಾಡಿನಲ್ಲಿ ಒಂಬತ್ತು ಸಾವಿರ ಜನ ಹಳೆಯ ನಿಯಮಕ್ಕೆ ಸೇರಿಬಿಟ್ಟಿದ್ದರು. ಮೂರು ದಿನ ಅವರೆಲ್ಲರ ಮನೆಯಲ್ಲಿ ಏನೇನು ಮಾತಾಗಿರಬಹುದು ಎಂದು ಯೋಚಿಸುತ್ತ ಕೂತೆ. ಸಮಿತಿಯ ವರದಿ ಓದುವಾಗ ನಾನು ಇಂಥದ್ದನ್ನು ಯೋಚಿಸಿರಲಿಲ್ಲ.

ಬೈಂಡರ್ ಪಕ್ಕದ ಮೇಜಿಗೆ ಹೋಗಿ ದಬ್ಬಳ ವಾಪಸ್ ಕೇಳಿ ತಂದ. ಆ ಹೆಂಗಸು ಒರೆಸಿ ಕೊಟ್ಟಳಂತೆ. ಇಡೀ ಮಧ್ಯಾಹ್ನ ಗೋಡೆಯಾಚೆ ಸದ್ದೇ ಇರಲಿಲ್ಲ.

ಫೆಬ್ರುವರಿ 20

ಮೇಲ್ವಿಚಾರಕರು ಕರೆಸಿದರು. ಕೆಟ್ಟವರಲ್ಲ, ಆದರೆ ಇಂದು ನನ್ನ ಮುಖ ನೋಡದೆ ಮಾತಾಡಿದರು.

‘ನಿಮ್ಮ ಹುಟ್ಟಿದ ತಾರೀಖು ಜುಲೈ ಹನ್ನೆರಡು.’

‘ಹೌದು.’

‘ಸರಿಯಾದ ಅಂಕಿ ಬಿದ್ದಿದ್ರೆ ನೀವು ಇನ್ನೂ ಮೂರು ವರ್ಷ. ತಪ್ಪು ಬಿದ್ದಿದ್ದಕ್ಕೆ ಈ ಜುಲೈಗೇ ಮನೆಗೆ. ಮೂವತ್ತು ವರ್ಷದಲ್ಲಿ ಒಂದು ಅಲ್ಪವಿರಾಮ ಬಿಡದ ಮನುಷ್ಯ ನೀವು. ಮೇಲಿನವರು ಏನಂತ ತಿಳ್ಕೊಳ್ತಾರೆ ಹೇಳಿ?’

ಬೇಕೆಂದೇ ಬಿಟ್ಟದ್ದು ಎಂದು ತೀರ್ಮಾನವಾದರೆ ವಜಾ. ಪಿಂಚಣಿ ಪೂರ್ತಿ ಹೋಗುತ್ತದೆ. ಕಣ್ಣಿಗೆ ಕಾಣಿಸಲಿಲ್ಲ ಅನ್ನೋಣವೆಂದರೆ ಯೋಗ್ಯ ಎಂಬ ಪತ್ರ ಅವರ ಮುಂದೆಯೇ ಇತ್ತು. ಏಳೂ ಸಾಲು, ಒಂದೂ ತಪ್ಪಿಲ್ಲ. ಇಪ್ಪತ್ತನಾಲ್ಕಕ್ಕೆ ವಿಚಾರಣೆ.

ಫೆಬ್ರುವರಿ 21

ಇವತ್ತು ಒಂದು ಪರೀಕ್ಷೆ ಮಾಡಿದೆ. ಅಕ್ಕ ಕೆಮ್ಮಿದಲ್ಲೆಲ್ಲ ಪೆನ್ಸಿಲಿನಿಂದ ಚುಕ್ಕೆ ಇಟ್ಟೆ. ಅವರು ಕೈ ತೊಳೆಯಲು ಹೋದಾಗ ಆ ಜಾಗಗಳನ್ನು ಭೂತಗನ್ನಡಿಯಲ್ಲಿ ನೋಡಿದೆ. ಹನ್ನೊಂದು ಕೆಮ್ಮು. ಹನ್ನೊಂದು ಸಾಲಿನಲ್ಲೂ ತಪ್ಪಿತ್ತು.

ಅವರು ಬಂದಾಗ ಕನ್ನಡಿ ನನ್ನ ಕೈಯಲ್ಲೇ ಇತ್ತು. ಎದುರು ಕೂರುತ್ತಿದ್ದವರು ಮೂರು ವರ್ಷದ ಹಿಂದೆ ಕಿಟಕಿಯ ಗಾಳಿಯ ನೆಪ ಹೇಳಿ ನನ್ನ ಪಕ್ಕಕ್ಕೆ ಕುರ್ಚಿ ಎಳೆದುಕೊಂಡದ್ದು ಯಾಕೆ ಎಂದು ಆಗ ಹೊಳೆಯಿತು.

‘ಯಾವಾಗಿಂದ ಅಕ್ಕ?’

‘ನೀವು ಒಂದ್ಸಲ ಪುಟ ತಲೆಕೆಳಗಾಗಿ ಹಿಡ್ಕೊಂಡು ತಿರುಗಿಸಿದ್ರಲ್ಲ, ಆವತ್ತಿಂದ.’

‘ಹೇಳ್ಬಹುದಿತ್ತು.’

‘ಹೇಳಿದ್ರೆ ನಂಬ್ತಿದ್ರಾ? ಶಾಯೀಗೆ ಬೈತಿದ್ರಿ, ಕಾಗದಕ್ಕೆ ಬೈತಿದ್ರಿ. ಆಮೇಲೆ ನನ್ನ ಗಂಟಲು.’ ಸ್ವಲ್ಪ ನಕ್ಕರು. ‘ಜುಲೈ ತನಕ ತಳ್ಳಿದ್ರೆ ಆಯ್ತು, ಮರ್ಯಾದೆಯಿಂದ ಮನೆಗೆ ಹೋಗ್ತೀರಿ ಅಂದ್ಕೊಂಡಿದ್ದೆ. ಮಧ್ಯೆ ಈ ಕಾನೂನು ಬರುತ್ತೆ ಅಂತ ಯಾರಿಗೆ ಗೊತ್ತಿತ್ತು? ಇನ್ನು ಮೂರು ವರ್ಷ ಕೆಮ್ಮೋಣ ಅಂತ ಮನಸ್ಸು ಗಟ್ಟಿ ಮಾಡ್ಕೊಂಡೆ. ನೀವು ನನ್ನನ್ನ ಡಾಕ್ಟರ ಹತ್ರ ಓಡಿಸಿದ್ರಿ.’

ವಿಚಾರಣೆಗೆ ತಾನೂ ಬಂದು ಎಲ್ಲ ಹೇಳುತ್ತೇನೆ ಅಂದರು. ಬೇಡ ಎಂದೆ. ಮೂರು ವರ್ಷ ಮುಚ್ಚಿಟ್ಟದ್ದು ಗೊತ್ತಾದರೆ ಅವರ ಕೆಲಸವೂ ಹೋಗುತ್ತದೆ. ಅವರು ಕೆಮ್ಮಿದರು. ನಿಜವಾದ ಕೆಮ್ಮು. ಅದರ ಸದ್ದೇ ಬೇರೆ ಎಂದು ಈಗ ಗೊತ್ತಾಯಿತು.

ಫೆಬ್ರುವರಿ 24

ಅದೇ ಕೋಣೆ, ಅದೇ ಪರದೆ. ಮೇಲ್ವಿಚಾರಕರು, ವೈದ್ಯರು, ಇಲಾಖೆಯಿಂದ ಬಂದ ಒಬ್ಬರು. ನನಗೆ ಕಣ್ಣು ಕಾಣುವುದಿಲ್ಲ ಎಂದೆ. ಈ ಮಾತನ್ನು ಹೆಂಡತಿಗೂ ಹೇಳಿರಲಿಲ್ಲ. ಇಲಾಖೆಯವರು ನಕ್ಕರು. ‘ಈ ತಿಂಗಳು ಇಡೀ ನಾಡಿಗೇ ಕಣ್ಣು ಕಾಣ್ತಿಲ್ಲ ಬಿಡ್ರಿ. ಎಲ್ಲರಿಗೂ ಏಳನೇ ಕಲಂ ಬೇಕು.’

‘ಹೋದ ತಿಂಗಳು ಪೂರ್ತಿ ಓದಿದ್ರಲ್ಲ?’ ಅಂದರು ವೈದ್ಯರು.

‘ಓದಲಿಲ್ಲ. ನನ್ನ ಮುಂದೆ ಬೈಂಡರ್ ಓದಿದ್ದು ಕೇಳಿಸ್ಕೊಂಡಿದ್ದೆ.’

ಯಾರೂ ನಂಬಲಿಲ್ಲ. ಗೋಡೆಗೆ ಬೆನ್ನು ಮಾಡಿ ಕೂರಿಸಿ ಅಂದೆ. ಕೂರಿಸಿದರು. ಮೇಲಿನಿಂದ ಕೆಳಕ್ಕೆ ಏಳು ಸಾಲು ಹೇಳಿದೆ. ಕೆಳಗಿನಿಂದ ಮೇಲಕ್ಕೆ ಹೇಳಿ ಅಂದರು. ಅದನ್ನೂ ಹೇಳಿದೆ.  ವೈದ್ಯರು ಎದ್ದು ಹಲಗೆಯನ್ನು ಹಿಂದುಮುಂದು ಮಾಡಿದರು. ಆ ಬದಿಯಲ್ಲಿ ಬೇರೆ ಅಕ್ಷರಗಳು. ನನ್ನನ್ನು ತಿರುಗಿಸಿ ಕೂರಿಸಿದರು.

ಮೇಲಿನ ದೊಡ್ಡ ಅಕ್ಷರ ಹೇಳಿದೆ. ಎರಡನೆಯ ಸಾಲಿಗೆ ನಿಲ್ಲಿಸಿದೆ.

‘ಊಹೆ ಮಾಡಿ ಹೇಳಿ,’ ಅಂದರು.

‘ಊಹೆ ಮಾಡೋದು ನನ್ನ ಕೆಲಸ ಅಲ್ಲ.’

ವೈದ್ಯರು ದೀಪ ಹಿಡಿದು ತುಂಬ ಹೊತ್ತು ನೋಡಿದರು. ಕಣ್ಣಿನ ನಡುಭಾಗವೇ ಸವೆದಿದೆಯಂತೆ. ಅಂಚು ಉಳಿದಿದೆ, ಆದ್ದರಿಂದ ನಡೆಯುವಾಗ ಎಡವುವುದಿಲ್ಲ. ಇದು ಸರಿಹೋಗುವುದಿಲ್ಲ. ಅಯೋಗ್ಯ ಎಂದು ಬರೆದರು.

ತಪ್ಪು ಹದಿನೈದಕ್ಕೇ ಗೊತ್ತಾಗಿತ್ತು ಎಂದೂ ಹೇಳಿದೆ. ಮೂರು ದಿನ ತಡ ಮಾಡಿದ್ದು ಯಾಕೆ ಎಂದು ಮೇಲ್ವಿಚಾರಕರು ಕೇಳಿದರು. ಬೈಂಡರ್ ಸೀಟಿ ಹೊಡೆಯುತ್ತಿದ್ದ ಎಂದೆ. ಅವರು ಅದನ್ನು ಬರೆದುಕೊಳ್ಳಲಿಲ್ಲ.

‘ಹೋಗ್ಲಿ. ಇಷ್ಟು ದಿನ ಕೆಲಸ ಹೇಗ್ರೀ ನಡೀತು? ಅಕ್ಕನಿಗೆ ಗೊತ್ತಿತ್ತಾ?’

‘ಇಲ್ಲ,’ ಎಂದೆ.

ತಪ್ಪು ಎಂದು ಗೊತ್ತಿದ್ದೂ ನಾನು ಬಿಟ್ಟದ್ದು ಇದು ಎರಡನೆಯದು.

ಫೆಬ್ರುವರಿ 26

ತಪ್ಪಾಗಿ ಅಚ್ಚಾದುದನ್ನು ಸರಿಪಡಿಸುವ ತಿದ್ದೋಲೆ ಬಂತು. ನಾಲ್ಕೇ ಸಾಲು. ನಾನು ಸಹಿ ಹಾಕುವಂತಿಲ್ಲ, ಆದರೆ ಹೊಸಬರು ಬರುವವರೆಗೆ ಕೋಣೆಯಲ್ಲಿ ಕೂರಬಹುದು. ಅಕ್ಕ ನನ್ನ ಕುರ್ಚಿಯಲ್ಲಿ ಕೂತು ಪ್ರೂಫ್ ಇಟ್ಟುಕೊಂಡರು. ಮೂಲಪ್ರತಿಯನ್ನು ಮೊದಲು ಒಂದು ಸಲ ನನಗೆ ಓದಿ ಹೇಳಿ, ಆಮೇಲೆ ನನ್ನ ಕೈಗೆ ಕೊಟ್ಟರು. ನಾನು ಕಾಗದ ಹಿಡಿದು ಗಟ್ಟಿಯಾಗಿ ಹೇಳಿದೆ: ‘ಒಂದು, ಅಡ್ಡಗೆರೆ, ಎಂಟು ಎಂಬುದನ್ನು, ಒಂದು, ಅಡ್ಡಗೆರೆ, ಮೂರು ಎಂದು ಓದಿಕೊಳ್ಳತಕ್ಕದ್ದು, ಪೂರ್ಣವಿರಾಮ.’

ಒಂಬತ್ತು ಸಾವಿರ ಜನ. ಗೋಡೆಯಾಚೆ ಒಬ್ಬ.

ಮಾರ್ಚ್ 31

ಕೊನೆಯ ದಿನ. ದಪ್ಪ ಪೆನ್ನಿನಲ್ಲಿ ಬರೆಯುತ್ತಿದ್ದೇನೆ, ಪುಟಕ್ಕೆ ಎಂಟೇ ಸಾಲು. ಹೆಂಡತಿ ಗೆರೆಗಳ ಮೇಲೆ ಗಾಢವಾಗಿ ಗೆರೆ ಎಳೆದುಕೊಟ್ಟಿದ್ದಾಳೆ.

ನನ್ನ ಜಾಗಕ್ಕೆ ಬಂದವಳಿಗೆ ಇಪ್ಪತ್ತೇಳು ವರ್ಷ. ಕಣ್ಣು ಚುರುಕು. ಅಕ್ಕ ಕುರ್ಚಿಯನ್ನು ಮತ್ತೆ ಎದುರಿಗೆ ಹಾಕಿಕೊಂಡಿದ್ದಾರೆ. ಬೆಳಿಗ್ಗೆಯಿಂದ ಒಂದು ಸಲವೂ ಕೆಮ್ಮಿಲ್ಲ. ‘ಆವರಣ ತೆರೆ, ನಗು, ಆವರಣ ಮುಚ್ಚು’ ಎಂದು ಓದುವಾಗ ಮಾತ್ರ ನಾನು ಬಾಗಿಲಲ್ಲಿ ನಿಂತದ್ದನ್ನು ಕಂಡು ಒಂದು ಕ್ಷಣ ತಡೆದರು.

ಬೈಂಡಿಂಗಿಗೆ ಹೋದೆ. ಬೈಂಡರ್ ಹೊಸ ಕಾಯ್ದೆಯ ಸಂಪುಟ ಹೊಲಿಯುತ್ತಿದ್ದ. ತಿದ್ದೋಲೆಯನ್ನು ಕೊನೆಯ ಪುಟಕ್ಕೆ ಸೇರಿಸಿದ್ದ. ನನಗೆ ಬೈಯಬಹುದು ಅಂದುಕೊಂಡಿದ್ದೆ.

‘ಹೊರಟ್ರಾ?’

‘ಹೊರಟೆ.’

‘ನಿಮ್ಮ ಕಣ್ಣು ಪೂರ್ತಿ ಹೋಯ್ತು, ನೀವು ಹೊರಟ್ರಿ. ಈ ಬೆರಳು ಪೂರ್ತಿ ಹೋಗಲ್ಲ ಮೇಷ್ಟ್ರೇ. ಸ್ವಲ್ಪ ಸ್ವಲ್ಪ ಹೋಗುತ್ತೆ. ಅದಕ್ಕೆ ಯಾರ ಕಾನೂನಿನಲ್ಲೂ ಕಲಂ ಇಲ್ಲ.’

 ಜನವರಿಯಲ್ಲಾದರೆ ಇದಕ್ಕೆ ನನ್ನ ಬಳಿ ಉತ್ತರ ಇತ್ತು, ಇನ್ನೂರ ಹನ್ನೆರಡು ಪುಟ.

‘ಮೂರು ದಿನ ಚೆನ್ನಾಗಿತ್ತು,’ ಅಂದ. ‘ಸುಳ್ಳು ಹೇಳಲ್ಲ. ನನ್ನ ಹೆಂಡತಿ ಜೂನ್ ತಿಂಗಳಿಗೆ ಅಂತ ಎರಡು ಕುರ್ಚಿ ಹೊರಗೆ ಹಾಕಿದ್ಲು. ಇನ್ನೂ ಒಳಗೆ ತಂದಿಲ್ಲ.’

ಆಮೇಲೆ ಸಂಪುಟವನ್ನು ನನ್ನ ಕೈಗಿಟ್ಟ. ‘ಹೇಗಿದೆ ನೋಡಿ. ಮೇಲಿನವರ ಹತ್ರ ಹೋಗುತ್ತೆ ಇದು. ಸೊಟ್ಟ ಇದ್ರೆ ನನಗೂ ಒಂದು ವಿಚಾರಣೆ.’

ಹೆಬ್ಬೆರಳನ್ನು ಸಂಪುಟದ ಬೆನ್ನಿನ ಉದ್ದಕ್ಕೂ ಎಳೆದೆ. ದಾರ ನೇರವಾಗಿ ಬಂತು, ಬಂತು, ಒಂದು ಕಡೆ ಸಡಿಲ. ಸ್ವಲ್ಪ ಕೆಳಗೆ ಇನ್ನೊಂದು ಕಡೆ. ಕೋಣೆಯಲ್ಲಿ ಬೇರೆ ಇಬ್ಬರು ಕೆಲಸ ಮಾಡುತ್ತಿದ್ದರು. ಬಾಗಿಲ ಬಳಿ ಮೇಲ್ವಿಚಾರಕರ ಮಾತು ಕೇಳಿಸುತ್ತಿತ್ತು.

ಮೊದಲ ಜಾಗದಲ್ಲಿ ಬೆರಳು ನಿಲ್ಲಿಸಿ ಕೆಮ್ಮಿದೆ. ಎರಡನೆಯ ಜಾಗದಲ್ಲೂ.

ಬೈಂಡರ್ ನನ್ನ ಬೆರಳು ನಿಂತ ಕಡೆ ಬಾಗಿ ನೋಡಿದ. ‘ಗೋಡೆ ತೆಳ್ಳಗಿದೆ ಮೇಷ್ಟ್ರೇ,’ ಅಂದ ಮೆಲ್ಲಗೆ. ‘ಮೂರು ವರ್ಷದಿಂದ ಕೇಳಿದ್ದೀನಿ ಆ ಕೆಮ್ಮು.’

ಸಂಪುಟ ವಾಪಸ್ ತೆಗೆದುಕೊಂಡ. ಮುಷ್ಟಿಯನ್ನು ಎರಡು ಸಲ ಬಿಚ್ಚಿ ಮುಚ್ಚಿ, ದಬ್ಬಳ ಎತ್ತಿ, ಆ ಎರಡು ಹೊಲಿಗೆ ಬಿಚ್ಚತೊಡಗಿದ. ಮುಗಿಯುವವರೆಗೂ ನಾನು ಅಲ್ಲೇ ಕೂತಿದ್ದೆ.